ಗಾಳದ ತುದಿಯ ಗರಿ

ಸಹ್ಯಾದ್ರಿಯ ಘಟ್ಟದ ದಾರಿಯಲ್ಲಿ ಬೆಳಗಿನ ಜಾವದ ಬಸ್ಸು ಹಿಡಿದವರು ಕಾಡುಕೋಳಿಯನ್ನು ಒಂದಲ್ಲ ಒಂದು ಸಲ ನೋಡಿಯೇ ಇರುತ್ತಾರೆ. ರಸ್ತೆಯಂಚಿನ ಬಿದಿರುಮೆಳೆಯ ಕೆಳಗೆ ತರಗೆಲೆ ಕೆದಕುತ್ತಿದ್ದದ್ದು ಬಸ್ಸಿನ ಸದ್ದಿಗೆ ತಲೆಯೆತ್ತಿ, ಕತ್ತು ನೀಡಿ, ಒಂದೇ ಓಟಕ್ಕೆ ಪೊದೆ ಸೇರುತ್ತದೆ. ಹೇಂಟೆ ಮಣ್ಣಿನ ಬಣ್ಣದ್ದು, ಕಣ್ಣಿಗೆ ಬೀಳುವುದು ಕಷ್ಟ. ಹುಂಜವನ್ನು ಮಾತ್ರ ಒಮ್ಮೆ ಕಂಡವರು ಮರೆಯಲಾರರು. ಬೂದು ಮೈ, ಕುಡುಗೋಲಿನಂತೆ ಬಾಗಿದ ಕರಿಯ ಬಾಲ, ಕೆಂಪು ಜುಟ್ಟು. ಕೊರಳ ತುಂಬ ಕಪ್ಪುಗರಿ. ಒಂದೊಂದು ಗರಿಯ ಮೇಲೂ ಅರಗಿನ ಹನಿ ಬಿದ್ದು ಗಟ್ಟಿಯಾದಂತೆ ಹೊಳೆಯುವ ಹಳದಿ ಚುಕ್ಕೆ. ಅದು ಬರಿಯ ಬಣ್ಣವಲ್ಲ. ಗರಿಯ ದಂಟೇ ಅಲ್ಲಿ ಚಪ್ಪಟೆಯಾಗಿ ಹರಡಿ ಮೇಣದ ಬಿಲ್ಲೆಯ ಹಾಗೆ ನಯವಾಗಿರುತ್ತದೆ.

ಈ ಚುಕ್ಕೆಗರಿ ಒಂದು ಕಾಲದಲ್ಲಿ ಹಡಗು ಹತ್ತಿ ಸ್ಕಾಟ್‌ಲೆಂಡಿನ ಹೊಳೆಗಳವರೆಗೆ ಹೋಗುತ್ತಿತ್ತು; ಅಲ್ಲಿ ಮೀನಿನ ಗಾಳಕ್ಕೆ ಅಲಂಕಾರವಾಗುತ್ತಿತ್ತು. ನಮ್ಮ ಮಲೆನಾಡಿನ ಹಕ್ಕಿಗೂ ಅಲ್ಲಿಯ ಮೀನಿಗೂ ಗಂಟುಬಿದ್ದ ಈ ಕತೆ, ಗಾಳ ಕಟ್ಟುವವನು ತನ್ನ ಸಾಮಗ್ರಿಯನ್ನು ಎಲ್ಲಿಂದ ತಂದ ಎಂಬುದರ ಕತೆ.

ನಮ್ಮಲ್ಲಿ ಗಾಳ ಹಾಕುವವರು ಕೊಕ್ಕೆಗೆ ಎರೆಹುಳುವನ್ನೋ ಹಿಟ್ಟಿನ ಉಂಡೆಯನ್ನೋ ಸಿಕ್ಕಿಸುತ್ತಾರಷ್ಟೆ. ಯೂರೋಪಿನಲ್ಲಿ ಬಹು ಹಿಂದಿನಿಂದಲೂ ಇನ್ನೊಂದು ರೂಢಿಯಿದೆ. ಕೊಕ್ಕೆಗೆ ದಾರ, ಉಣ್ಣೆ, ತುಪ್ಪಳ, ಗರಿಗಳನ್ನು ಸುತ್ತಿ ನೊಣದ ರೂಪು ಕೊಟ್ಟು ನೀರಿನ ಮೇಲೆ ತೇಲಬಿಟ್ಟು ಮೀನನ್ನು ಮೋಸಗೊಳಿಸುವುದು. ಇಂಥ ಹುಸಿನೊಣದ ಮಾತು ಕ್ರಿ.ಶ. 200ರ ಸುಮಾರಿನಲ್ಲಿದ್ದ ಈಲಿಯನ್ ಎಂಬ ರೋಮನ್ ಲೇಖಕನ ಗ್ರಂಥದಲ್ಲಿ ಬರುತ್ತದೆ. ಮ್ಯಾಸಿಡೋನಿಯದ ಒಂದು ಹೊಳೆಯಲ್ಲಿ ಚುಕ್ಕೆಮೈಯ ಮೀನುಗಳಿದ್ದವಂತೆ. ಅವು ನೀರ ಮೇಲೆ ಹಾರುವ ಒಂದು ಬಗೆಯ ನೊಣವನ್ನು ತಿನ್ನುತ್ತಿದ್ದವು. ಆ ನೊಣವನ್ನೇ ಹಿಡಿದು ಗಾಳಕ್ಕೆ ಚುಚ್ಚೋಣವೆಂದರೆ ಕೈ ಸೋಕಿದ ಕೂಡಲೆ ಅದರ ಬಣ್ಣ ಕೆಟ್ಟು ರೆಕ್ಕೆ ಮುದುಡುತ್ತಿತ್ತು. ಅದಕ್ಕಾಗಿ ಅಲ್ಲಿಯ ಜನ ಕೊಕ್ಕೆಗೆ ಕೆಂಪು ಉಣ್ಣೆ ಸುತ್ತಿ, ಹುಂಜದ ಕೊರಳ ಜೋಲಿನ ಕೆಳಗೆ ಬೆಳೆಯುವ ಮೇಣದ ಬಣ್ಣದ ಎರಡು ಗರಿಗಳನ್ನು ಕಟ್ಟುತ್ತಿದ್ದರು. ಆರು ಅಡಿಯ ಕೋಲು, ಆರು ಅಡಿಯ ದಾರ. ಅಷ್ಟೇ ಸಲಕರಣೆ. ಉಣ್ಣೆ ಮನೆಯ ಕುರಿಯದು, ಗರಿ ಮನೆಯ ಹುಂಜದ್ದು. ಮೊದಲ ಗಾಳದಲ್ಲೇ ಮೇಣದ ಬಣ್ಣದ ಹುಂಜದ ಗರಿ ಬಂದಿರುವುದನ್ನು ನೆನಪಿನಲ್ಲಿಡಿ, ಮುಂದೆ ಬೇಕಾಗುತ್ತದೆ.

ಅಲ್ಲಿಂದ ಒಂದೇ ನೆಗೆತಕ್ಕೆ ಇಂಗ್ಲೆಂಡಿಗೆ ಬರೋಣ. 1496ರಲ್ಲಿ ವಿಂಕಿನ್ ಡಿ ವರ್ಡ್ ಎಂಬ ಮುದ್ರಕ ಗಾಳದ ಮೇಲಿನ ಒಂದು ಪ್ರಬಂಧವನ್ನು ಅಚ್ಚುಹಾಕಿದ. ಜೂಲಿಯಾನಾ ಬರ್ನರ್ಸ್ ಎಂಬ ಸನ್ಯಾಸಿನಿ ಅದನ್ನು ಬರೆದಳೆಂದು ರೂಢಿಯ ಮಾತು. ಯಾರೇ ಬರೆದಿರಲಿ, ಅದು ಕೈಕೆಲಸ ಬಲ್ಲವರ ಬರಹ. ಕೊಕ್ಕೆ ಬೇಕೆ? ಅಂಗಡಿಗೆ ಹೋಗಬೇಕಾಗಿಲ್ಲ. ಸಣ್ಣ ಮೀನಿಗೆ ಕಸೂತಿಯ ಸೂಜಿ, ಅದಕ್ಕಿಂತ ದೊಡ್ಡದಕ್ಕೆ ದರ್ಜಿಯ ಸೂಜಿ, ಇನ್ನೂ ದೊಡ್ಡದಕ್ಕೆ ಮೋಚಿಯ ಸೂಜಿ. ಸೂಜಿಯನ್ನು ಕೆಂಡದಲ್ಲಿ ಕೆಂಪಗೆ ಕಾಯಿಸಿ ಆರಲು ಬಿಟ್ಟರೆ ಉಕ್ಕು ಮೆತ್ತಗಾಗುತ್ತದೆ. ಆಗ ಚಾಕುವಿನಿಂದ ಹಿಮ್ಮುಳ್ಳನ್ನು ಎಬ್ಬಿಸಿ, ಮೊನೆ ಮಾಡಿ, ಬಾಗಿಸಬೇಕು. ಮತ್ತೆ ಕಾಯಿಸಿ ನೀರಿನಲ್ಲಿ ಅದ್ದಿದರೆ ಗಡಸು ಮರಳುತ್ತದೆ. ದಾರವೆಂದರೆ ಕುದುರೆಯ ಬಾಲದ ಬಿಳಿ ಕೂದಲು. ಅದನ್ನು ಹೊಸೆದು, ಪಟಿಕದಲ್ಲಿ ಕುದಿಸಿ, ನೀರಿನ ಬಣ್ಣಕ್ಕೂ ಋತುವಿಗೂ ತಕ್ಕಂತೆ ಹಸುರೋ ಕಂದೋ ಬಣ್ಣ ಕಟ್ಟುತ್ತಿದ್ದರು. ನೊಣಗಳ ಪಟ್ಟಿಯಲ್ಲಿ ಒಟ್ಟು ಹನ್ನೆರಡು ಬಗೆ. ಅವುಗಳಿಗೆ ಬೇಕಾದ ಉಣ್ಣೆ, ರೇಷ್ಮೆ, ಗರಿಗಳಲ್ಲಿ ಒಂದು ಹಳ್ಳಿಯ ಸುತ್ತಳತೆಯಲ್ಲಿ ಸಿಗದಂಥದು ಹೆಚ್ಚೇನೂ ಇಲ್ಲ.

ಮುಂದಿನ ಇನ್ನೂರು ವರ್ಷ ಹೀಗೆಯೇ ನಡೆಯಿತು. ಐಸಾಕ್ ವಾಲ್ಟನ್ನನ ಪ್ರಸಿದ್ಧ ಗ್ರಂಥ 1653ರಲ್ಲಿ ಬಂತು. 1676ರಲ್ಲಿ ಅದಕ್ಕೆ ಚಾರ್ಲ್ಸ್ ಕಾಟನ್ ಎಂಬ ಗೆಳೆಯ ಎರಡನೆಯ ಭಾಗ ಬರೆದು ಸೇರಿಸಿದ. ನೊಣದ ಮೈಗೆ ಬೇಕಾದ ತುಪ್ಪಳವನ್ನು ಅವನು ಹೇಳುವ ಬಗೆ ನಮ್ಮ ಅಜ್ಜಿಯರು ಮನೆಮದ್ದು ಹೇಳಿದ ಹಾಗೆ. ಕರಿ ಸ್ಪೇನಿಯಲ್ ನಾಯಿಯ ಕೂದಲು, ನರಿಮರಿಯ ನವುರು ತುಪ್ಪಳ, ಹಂದಿಯ ರೋಮ, ಕರಡಿಯ ಕಂದು ಕೂದಲು. ಕರಡಿ ಮಾತ್ರ ಇಂಗ್ಲೆಂಡಿನದಲ್ಲ. ಮಿಕ್ಕಿದ್ದೆಲ್ಲ ಹಿತ್ತಿಲಿನ ಸರಕು.

ಮೊದಲು ಮನೆಯ ಹೊಸಿಲು ದಾಟಿದ್ದು ಕೊಕ್ಕೆ. ವುಸ್ಟರ್‌ಷೈರಿನ ರೆಡಿಚ್ ಎಂಬ ಊರು ಸೂಜಿಯ ಕಸುಬಿಗೆ ಹೆಸರಾಯಿತು. ಸೂಜಿ ಬಲ್ಲವರಿಗೆ ಕೊಕ್ಕೆ ಎಷ್ಟರ ಮಾತು? ಹತ್ತೊಂಬತ್ತನೆಯ ಶತಮಾನದ ಹೊತ್ತಿಗೆ ಅಲ್ಲಿಯ ಕೊಕ್ಕೆಗಳು ಲೋಕದ ಎಲ್ಲ ಹೊಳೆಗಳಿಗೂ ಹೋಗುತ್ತಿದ್ದವು. ಕುದುರೆಕೂದಲಿನ ಜಾಗಕ್ಕೆ ರೇಷ್ಮೆತಂತು ಬಂತು. ರೇಷ್ಮೆಯ ನಾಡಿನವರಾದ ನಾವು ಇದನ್ನು ತಿಳಿದುಕೊಳ್ಳುವುದು ಒಳ್ಳೆಯದು, ಏಕೆಂದರೆ ಇದು ನಾವು ಬಲ್ಲ ನೂಲಲ್ಲ. ಸ್ಪೇನಿನ ಮುರ್ಸಿಯ ಪ್ರಾಂತದಲ್ಲಿ ಹಣ್ಣಾದ ಹುಳು ಇನ್ನೇನು ಗೂಡು ಕಟ್ಟಬೇಕೆನ್ನುವಾಗ ಅದನ್ನು ಹುಳಿದ್ರಾವಕದಲ್ಲಿ, ಅಂದರೆ ವಿನಿಗರಿನಲ್ಲಿ, ನೆನೆಹಾಕುತ್ತಿದ್ದರು. ಆಮೇಲೆ ಹೊಟ್ಟೆ ಸೀಳಿ, ಒಳಗಿನ ರೇಷ್ಮೆಗ್ರಂಥಿಯನ್ನು ಎರಡೂ ತುದಿ ಹಿಡಿದು ಎಳೆದರೆ ಅದು ಮೊಳದಷ್ಟು ಉದ್ದದ ಒಂದೇ ಗಟ್ಟಿ ತಂತಿಯಾಗುತ್ತಿತ್ತು. ಗೂಡಿನಿಂದ ಬಿಚ್ಚಿದರೆ ನೂರಾರು ಗಜ ಎಳೆ ಕೊಡಬಲ್ಲ ಹುಳು ಇಲ್ಲಿ ಮೊಳದುದ್ದದ ತಂತಿಗೆ ಮುಗಿಯಿತು! ನೀರಿನಲ್ಲಿ ಕಾಣದಷ್ಟು ತೆಳುವಾಗಿ, ಆದರೂ ಬಲವಾಗಿ, ಇದರಷ್ಟು ಅನುಕೂಲವಾದದ್ದು ನೈಲಾನ್ ಬರುವ ತನಕ ಇನ್ನೊಂದಿರಲಿಲ್ಲ. ಅಮೆರಿಕದ ಡ್ಯುಪಾಂಟ್ ಕಂಪೆನಿ ನೈಲಾನನ್ನು ಲೋಕಕ್ಕೆ ಸಾರಿದ್ದು 1938ರಲ್ಲಿ.

ಆದರೆ ನಿಜವಾದ ದುಂದು ಶುರುವಾದದ್ದು ಗರಿಯಲ್ಲಿ. ಐರ್ಲೆಂಡಿನಿಂದ ಬಂದು ಲಂಡನ್ನಿನಲ್ಲಿ ಅಂಗಡಿಯಿಟ್ಟ ವಿಲಿಯಂ ಬ್ಲ್ಯಾಕರ್ ಎಂಬಾತ 1840ರ ದಶಕದಲ್ಲಿ ನೊಣ ಕಟ್ಟುವುದರ ಮೇಲೆ ಪುಸ್ತಕ ಬರೆದ. ಅದಕ್ಕೆ ಬೇಕಾದ ಗರಿಗಳನ್ನೂ ಅವನೇ ಮಾರುತ್ತಿದ್ದ. ಪುಸ್ತಕ ಓದಿದವನಿಗೆ ಗರಿ ಬೇಕು, ಗರಿ ಕೊಂಡವನಿಗೆ ಪುಸ್ತಕ ಬೇಕು; ಜಾಣ ವ್ಯಾಪಾರ. ಆ ವೇಳೆಗೆ ಬ್ರಿಟಿಷರ ಹಡಗುಗಳು ಭೂಮಂಡಲವನ್ನೆಲ್ಲ ಸುತ್ತುತ್ತಿದ್ದವು. ಹೆಂಗಸರ ಟೋಪಿಗೆಂದು ಮೂಟೆಮೂಟೆ ಹಕ್ಕಿಗರಿ ಲಂಡನ್ನಿನ ಹರಾಜುಕಟ್ಟೆಗೆ ಬಂದು ಬೀಳುತ್ತಿತ್ತು. ಗಾಳಗಾರನಿಗೆ ಬೇಕಾದದ್ದು ಚಿಟಿಕೆಯಷ್ಟು. ಟೋಪಿಯ ವ್ಯಾಪಾರ ಅದನ್ನು ಅವನ ಬಾಗಿಲಿಗೆ ತಂದಿತ್ತು.

‘ಜಾಕ್ ಸ್ಕಾಟ್’ ಎಂಬ ಹುಸಿನೊಣವನ್ನೇ ತೆಗೆದುಕೊಳ್ಳಿ. ಲಾರ್ಡ್ ಜಾನ್ ಸ್ಕಾಟ್ ಎಂಬ ಸಿರಿವಂತನ ಬಳಿಯಿದ್ದ ಅದೇ ಹೆಸರಿನ ಸೇವಕ ಸುಮಾರು 1850ರಲ್ಲಿ ನಾರ್ವೆಗೆ ಹೋಗುವ ಹಡಗಿನಲ್ಲಿ ಕುಳಿತು ಅದನ್ನು ಕಟ್ಟಿದನೆಂದು ಹೇಳುತ್ತಾರೆ. ಎರಡು ಅಂಗುಲವೂ ಇಲ್ಲದ ಆ ವಸ್ತುವಿಗೆ ಬೇಕಾದವನ್ನು ನೋಡಿ. ಚೀನದ ಹೊಂಬಣ್ಣದ ಫೆಸೆಂಟಿನ ಜುಟ್ಟಿನ ಗರಿ, ಆಫ್ರಿಕದ ಉಷ್ಟ್ರಪಕ್ಷಿಯ ಎಳೆ, ದಕ್ಷಿಣ ಅಮೆರಿಕದ ಟೂಕನ್ ಹಕ್ಕಿಯ ಎದೆಯ ಹಳದಿ, ಅದೇ ಖಂಡದ ಮೆಕಾ ಗಿಳಿಯ ಬಾಲ ಮತ್ತು ನೀಲಿ ಕೋಟಿಂಗದ ಕೆನ್ನೆಯ ಬಣ್ಣ, ಬಸ್ಟರ್ಡ್, ಟರ್ಕಿಕೋಳಿ, ನವಿಲು, ಮತ್ತು ಎರಡು ಬದಿಯಲ್ಲೂ ಕಣ್ಣಿನ ಹಾಗೆ ಒಂದೊಂದು ಕಾಡುಕೋಳಿಯ ಚುಕ್ಕೆಗರಿ. ಬಾಲಕ್ಕೆ ‘ಇಂಡಿಯನ್ ಕ್ರೋ’ ಎಂಬ ಹಕ್ಕಿಯ ಕೆಂಪುಗರಿಯೂ ಬೇಕು. ಹೆಸರು ಕೇಳಿ ಇದೂ ನಮ್ಮದೇ ಎಂದುಕೊಳ್ಳಬೇಡಿ. ಅದು ಇಂಡಿಯದ್ದೂ ಅಲ್ಲ, ಕಾಗೆಯೂ ಅಲ್ಲ. ದಕ್ಷಿಣ ಅಮೆರಿಕದ ಕಾಡಿನಲ್ಲಿ ಹಣ್ಣು ತಿಂದುಕೊಂಡಿರುವ ಒಂದು ಹಕ್ಕಿ. ಗರಿ ಎಲ್ಲಿಂದ ಬಂತೆಂಬುದು ಕಟ್ಟುವವನಿಗೆ ಎಷ್ಟರಮಟ್ಟಿಗೆ ಬೇಕಾಗಿತ್ತೆಂಬುದಕ್ಕೆ ಈ ಹೆಸರೇ ಸಾಕ್ಷಿ. 1895ರಲ್ಲಿ ಜಾರ್ಜ್ ಕೆಲ್ಸನ್ ಎಂಬಾತ ಇಂಥ ನೊಣಗಳ ಮೇಲೆ ಒಂದು ಭಾರಿ ಗ್ರಂಥವನ್ನೇ ಹೊರತಂದ. ಯಾವ ನೀರಿಗೆ, ಯಾವ ಬೆಳಕಿಗೆ, ಯಾವ ಗರಿಯ ಪಕ್ಕ ಯಾವ ಗರಿ ಎಂಬುದನ್ನು ಶಾಸ್ತ್ರದ ಗಾಂಭೀರ್ಯದಿಂದ ಚರ್ಚಿಸಿದ.

ಇನ್ನು ಈ ಶಾಸ್ತ್ರವನ್ನು ಮೆಚ್ಚಬೇಕಾದ ಮೀನಿನ ವಿಷಯ. ಸಾಲ್ಮನ್ ಸಮುದ್ರದಲ್ಲಿ ಬೆಳೆದು ಮೊಟ್ಟೆಯಿಡಲು ಹೊಳೆಗೆ ಹತ್ತಿ ಬರುವ ಮೀನು. ಹೊಳೆಗೆ ಬಂದ ಮೇಲೆ ಅದು ಆಹಾರ ತಿನ್ನುವುದನ್ನೇ ನಿಲ್ಲಿಸುತ್ತದೆ! ಮೈಯಲ್ಲಿ ಕೂಡಿಟ್ಟ ಕೊಬ್ಬಿನ ಮೇಲೆ ಬದುಕುತ್ತದೆ. ಹಸಿವಿಲ್ಲದ ಮೀನು ಗರಿಯ ಗೊಂಚಲಿಗೆ ಬಾಯಿ ಹಾಕುವುದೇಕೆ? ಸಿಟ್ಟಿಗೋ, ಹಳೆಯ ಅಭ್ಯಾಸಕ್ಕೋ, ಕುತೂಹಲಕ್ಕೋ? ಗಾಳಗಾರರು ಇಂದಿಗೂ ಜಗಳವಾಡುತ್ತಿದ್ದಾರೆ. ಲೋಕದ ಎಲ್ಲ ಊಟಗಳಿಗಿಂತ ದುಬಾರಿಯಾದ ಈ ಎಡೆಯನ್ನು ಉಪವಾಸವಿರುವ ಅತಿಥಿಗೆ ಬಡಿಸುತ್ತಿದ್ದರೆನ್ನುವುದು ಮಾತ್ರ ನಿಜ.

ಈಗ ನಮ್ಮ ಕಾಡುಕೋಳಿಗೆ ಬರೋಣ. ಪಿಯರ್ ಸೊನ್ನೆರಾ ಎಂಬ ಫ್ರೆಂಚ್ ಪ್ರವಾಸಿಯ ಹೆಸರು ಅದರ ಶಾಸ್ತ್ರೀಯ ನಾಮದಲ್ಲಿ ಸೇರಿದೆ. ದಕ್ಷಿಣ ಭಾರತದ ಕಾಡುಗಳೇ ಅದರ ಮುಖ್ಯ ನೆಲೆ. ಪಶ್ಚಿಮದಲ್ಲಿ ಅಬೂ ಬೆಟ್ಟದವರೆಗೂ ಉಂಟು. ಭಾರತದ ಹೊರಗೆ ಬೇರೆ ತವರಿಲ್ಲ. ಸಾಕುಕೋಳಿಯ ಮೂಲಪುರುಷ ಕೆಂಪು ಕಾಡುಕೋಳಿ. ಆದರೆ ಅನೇಕ ಸಾಕುಕೋಳಿಗಳ ಹಳದಿ ಕಾಲು, ಹಳದಿ ಚರ್ಮ ಮಾತ್ರ ನಮ್ಮ ಈ ಬೂದುಕೋಳಿಯಿಂದ ಬಂದ ಬಳುವಳಿಯೆಂದು 2008ರಲ್ಲಿ ವಂಶವಾಹಿಗಳ ಪರೀಕ್ಷೆಯಿಂದ ಗೊತ್ತಾಯಿತು. ಈಲಿಯನ್ ಹೇಳಿದ ಮೇಣದ ಬಣ್ಣದ ಹುಂಜದ ಗರಿ ಸಾಕುಕೋಳಿಯದೇ. ಹದಿನೇಳು ಶತಮಾನಗಳಾದ ಮೇಲೆ ಅದೇ ಕಸುಬಿನವರು ಮೇಣದ ಚುಕ್ಕೆಯ ಗರಿಯನ್ನು ಹುಡುಕಿಕೊಂಡು ಆ ಕೋಳಿಯ ದಾಯಾದಿಯ ಕಾಡಿಗೇ ಬಂದರಲ್ಲ, ಅದು ಸೋಜಿಗ.

ಆ ಗರಿಯ ಬೆಲೆಗೆ ಕಾರಣವಿತ್ತು. ನೀರಿನಲ್ಲಿ ಅದ್ದಿದರೆ ಮಿಕ್ಕ ಗರಿಗಳು ಮೆತ್ತಗೆ ಮುದುಡಿ ಬಣ್ಣ ಮಂಕಾಗುತ್ತದೆ; ಈ ಬಿಲ್ಲೆ ಮಾತ್ರ ಹೊಳೆಯುತ್ತಲೇ ಇರುತ್ತದೆ. ಸಣ್ಣ ಮೀನಿನ ಕಣ್ಣಿನಂತೆ ಕಾಣುತ್ತದೆಂದು ಅದನ್ನು ನೊಣದ ಕೆನ್ನೆಗೆ ಕಟ್ಟುವುದು ರೂಢಿಯಾಯಿತು. ಒಂದು ನೊಣಕ್ಕೆ ಒಂದು ಜೊತೆ ಗರಿ. ಎರಡೂ ಸಮನಾಗಿರಬೇಕು, ಸೀಳಿರಬಾರದು. ಆದ್ದರಿಂದ ಬಿಡಿಗರಿ ಸಾಲದು, ಇಡೀ ಕೊರಳಿನ ಚರ್ಮವೇ ಬೇಕು. ಈ ಹುಂಜ ಮಳೆಗಾಲದಲ್ಲಿ ಕೊರಳ ಗರಿ ಉದುರಿಸಿ ಕೆಲವು ತಿಂಗಳು ಮಂಕು ಗರಿಯಲ್ಲಿರುತ್ತದೆ. ಕಾಡಿನ ನೆಲದಲ್ಲಿ ಒಂದೊಂದಾಗಿ ಉದುರಿದ್ದನ್ನು ಯಾರು ಆರಿಸಿಯಾರು? ಉರುಳು, ಬಲೆ, ಕೋವಿಗಳಿಂದ ಕೊಂದು, ಕೊರಳ ತೊಗಲನ್ನು ಸುಲಿದು ಒಣಗಿಸಿ ಕಳಿಸುವುದೇ ದಾರಿಯಾಯಿತು.

ಸಾಮ್ರಾಜ್ಯದ ಅಧಿಕಾರಿಗಳಲ್ಲೇ ಗಾಳದ ಹುಚ್ಚಿನವರು ಬಹಳ. ಮದರಾಸು ಸಿವಿಲ್ ಸರ್ವಿಸಿನ ಹೆನ್ರಿ ಸಲಿವನ್ ಥಾಮಸ್ ಎಂಬಾತ ದಕ್ಷಿಣ ಕನ್ನಡ ಜಿಲ್ಲೆಯಲ್ಲಿ ಅಧಿಕಾರಿಯಾಗಿದ್ದ. ಭಾರತದ ಹೊಳೆಗಳಲ್ಲಿ ಗಾಳ ಹಾಕುವುದರ ಬಗ್ಗೆ ಅವನು ಬರೆದ ದೊಡ್ಡ ಪುಸ್ತಕ 1873ರಲ್ಲಿ ಅಚ್ಚಾದದ್ದು ಲಂಡನ್ನಿನಲ್ಲಲ್ಲ, ಮಂಗಳೂರಿನಲ್ಲಿ. ಅವನ ಆರಾಧ್ಯದೈವ ಮಹಶೀರ್. ಕಾವೇರಿ, ಕಬಿನಿಗಳ ಈ ದೊಡ್ಡ ಮೀನು ಎಂಥದೆಂಬುದಕ್ಕೆ ಒಂದು ಲೆಕ್ಕ ಸಾಕು: ಮೈಸೂರಿನ ವ್ಯಾನ್ ಇಂಗೆನ್ ಮನೆತನದವರೊಬ್ಬರು 1946ರಲ್ಲಿ ಕಬಿನಿಯಲ್ಲಿ ಹಿಡಿದದ್ದು 120 ಪೌಂಡು ತೂಗಿತು. ಅದಕ್ಕೆ ಬಾಯಲ್ಲಿ ಹಲ್ಲಿಲ್ಲ, ಹಲ್ಲಿರುವುದು ಗಂಟಲಿನಲ್ಲಿ. ಆದರೆ ಕಚ್ಚಿದರೆ ಸಾಧಾರಣ ಕೊಕ್ಕೆ ಅಪ್ಪಚ್ಚಿ. ಇಂಗ್ಲೆಂಡಿನಿಂದ ತರಿಸಿದ ನಾಜೂಕು ಸಾಮಾನು ಇಲ್ಲಿ ನಡೆಯುತ್ತಿರಲಿಲ್ಲ. ಬ್ರಿಟಿಷರು ಮಹಶೀರಿಗೆ ಹೆಚ್ಚಾಗಿ ಬಳಸಿದ್ದು ಹಿಡಿಯಿಲ್ಲದ ಚಮಚದಂಥ ಲೋಹದ ತಗಡು. ನೀರಿನಲ್ಲಿ ಎಳೆದರೆ ಅದು ತಿರುಗುತ್ತ ಮಿನುಗುತ್ತ ಸಣ್ಣ ಮೀನಿನ ಭ್ರಮೆ ಹುಟ್ಟಿಸುತ್ತದೆ. ಅಮೆರಿಕದಲ್ಲಿ ಈ ಚಮಚಕ್ಕೆ 1852ರಲ್ಲಿ ಪೇಟೆಂಟು ಪಡೆದ ಜೂಲಿಯೊ ಬ್ಯುಯೆಲ್ ಎಂಬಾತ, ಒಮ್ಮೆ ದೋಣಿಯಲ್ಲಿ ಊಟ ಮಾಡುತ್ತಿದ್ದಾಗ ಕೈಜಾರಿ ಬಿದ್ದ ಚಮಚವನ್ನು ಮೀನು ನುಂಗಿದ್ದು ಕಂಡು ಇದನ್ನು ಮಾಡಿದನೆಂಬ ಕತೆಯಿದೆ. ಇನ್ನು ಕಾವೇರಿಯ ದಂಡೆಯ ನಮ್ಮವರಿಗೆ ಚಮಚವೂ ಬೇಡ. ರಾಗಿಹಿಟ್ಟನ್ನು ಬೇಯಿಸಿ ಗಟ್ಟಿಯಾಗಿ ಉಂಡೆ ಕಟ್ಟಿ ಕೊಕ್ಕೆಗೆ ಮೆತ್ತುವುದು ಅವರ ಪದ್ಧತಿ. ದೊರೆಗಳೂ ಕೊನೆಗೆ ಆ ಮುದ್ದೆಗೇ ಶರಣಾದರು. ಮಹಶೀರಿನ ರುಚಿ ಮಂಡ್ಯದವರ ರುಚಿಗಿಂತ ದೂರವೇನಲ್ಲ.

ಹಿತ್ತಿಲಿನ ಸರಕಿನಿಂದಲೇ ಒಳ್ಳೆಯ ಗಾಳ ಆಗುತ್ತದೆಂಬುದನ್ನು ತೋರಿಸಿಕೊಟ್ಟವರು ಇನ್ನೊಬ್ಬರಿದ್ದಾರೆ. ಫಿನ್‌ಲೆಂಡಿನ ಲೌರಿ ರಾಪಲಾ ಬಡ ಬೆಸ್ತ. ಸರೋವರದಲ್ಲಿ ದೋಣಿ ನಡೆಸುವಾಗ ಅವನೊಂದು ಸಂಗತಿ ಗಮನಿಸಿದ: ದೊಡ್ಡ ಮೀನು ಸಣ್ಣ ಮೀನಿನ ಹಿಂಡಿಗೆ ನುಗ್ಗಿದಾಗ, ತುಸು ಓರೆಯಾಗಿ ತಡವರಿಸಿಕೊಂಡು ಈಜುವುದನ್ನೇ ಮೊದಲು ಹಿಡಿಯುತ್ತದೆ. 1936ರಲ್ಲಿ ಅವನು ಮೋಚಿಯ ಕತ್ತಿಯಿಂದ ಬಿರಡೆಮರದ ತೊಗಟೆಯನ್ನು ಕೆತ್ತಿ ಒಂದು ಪುಟ್ಟ ಮೀನು ಮಾಡಿದ. ಹೊಳಪಿಗೆ ಚಾಕೊಲೇಟಿನ ತಗಡುಕಾಗದ ಸುತ್ತಿದ. ನೀರು ತಾಗದಂತೆ ಮೇಲಿನ ಮೆರುಗೆಣ್ಣೆಗೆ ಹಳೆಯ ಫೋಟೊ ನೆಗೆಟಿವುಗಳನ್ನು ಕರಗಿಸಿ ಬಳಿದ. ಅದು ನೀರಿನಲ್ಲಿ ಗಾಯಗೊಂಡ ಮೀನಿನಂತೆಯೇ ತಡವರಿಸಿತು. ಮುಂದೆ ಅವನ ಹೆಸರಿನ ಗಾಳಗಳು ಲೋಕವನ್ನೆಲ್ಲ ಸುತ್ತಿದವು. ಬ್ಲ್ಯಾಕರನೂ ಕೆಲ್ಸನ್ನನೂ ಬಣ್ಣದ ಬೆನ್ನು ಹತ್ತಿದ್ದರು. ಇವನು ಮೀನಿನ ಬೆನ್ನು ಹತ್ತಿದ. ನನ್ನ ಗೌರವ ಇವನಿಗೆ.

ಗರಿಯ ವ್ಯಾಪಾರಕ್ಕೆ ಇಂಗ್ಲೆಂಡಿನಲ್ಲೇ ವಿರೋಧ ಹುಟ್ಟಿತು, ಅದೂ ಹೆಂಗಸರಿಂದ. ಟೋಪಿಗೆ ಹಕ್ಕಿಗರಿ ಮುಡಿಯುವುದಿಲ್ಲವೆಂದು ಪ್ರತಿಜ್ಞೆ ಮಾಡಿದ ಕೆಲವು ಮಹಿಳೆಯರು 1889ರಲ್ಲಿ ಮ್ಯಾಂಚೆಸ್ಟರಿನ ಬಳಿ ಕಟ್ಟಿದ ಸಂಘವೇ ಮುಂದೆ ಅಲ್ಲಿಯ ದೊಡ್ಡ ಪಕ್ಷಿರಕ್ಷಣಾ ಸಂಸ್ಥೆಯಾಯಿತು. ಕಾನೂನು ಮಾತ್ರ ಮೊದಲು ಬಂದದ್ದು ನಮ್ಮಲ್ಲಿ. 1902ರಲ್ಲಿ, ಕರ್ಜನ್ ವೈಸರಾಯನಾಗಿದ್ದಾಗ, ಕಾಡುಹಕ್ಕಿಗಳ ಚರ್ಮ ಗರಿಗಳನ್ನು ಭಾರತದಿಂದ ಹೊರಗೆ ಸಾಗಿಸಬಾರದೆಂದು ಸರ್ಕಾರ ಆಜ್ಞೆ ಮಾಡಿತು. ಬ್ರಿಟನ್ನಿನಲ್ಲಿ ಗರಿಯ ಆಮದನ್ನು ತಡೆಯುವ ಕಾಯಿದೆ ಬರಲು 1921ರವರೆಗೆ ಕಾಯಬೇಕಾಯಿತು. ಇಲ್ಲಿ ಹೊರಗೆ ಕಳಿಸಬಾರದು, ಅಲ್ಲಿ ಒಳಗೆ ಬರಬಹುದು. ನಡುವಿನ ಆ ಹತ್ತೊಂಬತ್ತು ವರ್ಷ ಕಳ್ಳಸಾಗಣೆಗೆ ಹಬ್ಬವಲ್ಲದೆ ಇನ್ನೇನು? ಆಮೇಲೂ ಅದು ನಿಂತುಬಿಡಲಿಲ್ಲ. ಇಪ್ಪತ್ತನೆಯ ಶತಮಾನದ ನಡುವಿನಲ್ಲೂ ಕಾಡುಕೋಳಿಯ ಚುಕ್ಕೆಗರಿ ಬ್ರಿಟನ್ನಿನ ನೊಣಗಳ ಕೆನ್ನೆಯ ಮೇಲಿತ್ತು. ಸ್ವತಂತ್ರ ಭಾರತದ ವನ್ಯಜೀವಿ ಸಂರಕ್ಷಣಾ ಕಾಯಿದೆ 1972ರಲ್ಲಿ ಬಂತು. ಇಂದು ಕಾಡುಕೋಳಿಯನ್ನು ಬೇಟೆಯಾಡುವಂತಿಲ್ಲ, ಅದರ ಗರಿಯನ್ನು ಮಾರುವಂತಿಲ್ಲ. ಹಕ್ಕಿ ನಮ್ಮ ಕಾಡುಗಳಲ್ಲಿ ಇನ್ನೂ ಸಾಕಷ್ಟಿದೆ. ಅಳಿವಿನ ಅಂಚಿಗೆ ಹೋಗಲಿಲ್ಲ.

ಗಾಳಗಾರರೂ ಬದಲಾದರು. ಜಿಂಕೆಯ ಬಾಲ, ಅಳಿಲಿನ ಬಾಲಗಳ ಕೂದಲಿನಿಂದ ಕಟ್ಟಿದ ಸರಳ ನೊಣಗಳಿಗೆ ಸಾಲ್ಮನ್ ಹಿಂದಿನಷ್ಟೇ ಚೆನ್ನಾಗಿ ಬಾಯಿ ಹಾಕಿತು. ಚುಕ್ಕೆಗರಿಯ ಬದಲಿಗೆ ಬಣ್ಣ ಬಳಿದ ಗರಿ, ಅಚ್ಚು ಹಾಕಿದ ಪ್ಲಾಸ್ಟಿಕ್ ಬಂದವು. ಅಸಲಿಯೇ ಬೇಕೆನ್ನುವವರಿಗಾಗಿ ಬ್ರಿಟನ್ನಿನಲ್ಲಿ ಕೆಲವರು ಕಾಡುಕೋಳಿಯನ್ನು ಪಂಜರದಲ್ಲಿ ಸಾಕಿ ಗರಿ ಮಾರುತ್ತಾರೆ.

ಇಲ್ಲಿಗೆ ಕತೆ ಮುಗಿಯಬೇಕಾಗಿತ್ತು. ಆದರೆ ವಿಕ್ಟೋರಿಯ ಕಾಲದ ನೊಣಗಳನ್ನು ಹಳೆಯ ಪುಸ್ತಕಗಳಲ್ಲಿ ಹೇಳಿದಂತೆ, ಆಯಾ ಹಕ್ಕಿಯ ಗರಿಯಿಂದಲೇ ಕಟ್ಟಬೇಕೆಂಬ ಹವ್ಯಾಸಿಗಳ ಪಂಗಡವೊಂದು ಬೆಳೆಯಿತು. ಅವರಲ್ಲಿ ಅನೇಕರು ಮೀನು ಹಿಡಿಯುವವರೇ ಅಲ್ಲ. ಕಟ್ಟಿ ಗಾಜಿನ ಚೌಕಟ್ಟಿನಲ್ಲಿಡುವವರು. 2009ರ ಜೂನ್ ತಿಂಗಳ ಒಂದು ರಾತ್ರಿ ಲಂಡನ್ನಿನಲ್ಲಿ ಕೊಳಲು ಕಲಿಯುತ್ತಿದ್ದ ಇಪ್ಪತ್ತು ವರ್ಷದ ಅಮೆರಿಕನ್ ವಿದ್ಯಾರ್ಥಿಯೊಬ್ಬ ಟ್ರಿಂಗ್ ಎಂಬ ಊರಿನ ಪ್ರಾಣಿಶಾಸ್ತ್ರದ ವಸ್ತುಸಂಗ್ರಹಾಲಯದ ಕಿಟಕಿ ಒಡೆದು ಒಳಗೆ ಹೋದ. ಪೆಟ್ಟಿಗೆಗೆ ತುಂಬಿಕೊಂಡು ಬಂದದ್ದು 299 ಹಕ್ಕಿಗಳ ಚರ್ಮ. ನೀಲಿ ಕೋಟಿಂಗ, ‘ಇಂಡಿಯನ್ ಕ್ರೋ’, ಸ್ವರ್ಗದ ಹಕ್ಕಿಗಳು ಎಲ್ಲ ಅದರಲ್ಲಿದ್ದವು. ಕೆಲವು, ಡಾರ್ವಿನ್ನನ ಸಮಕಾಲೀನನಾದ ಆಲ್ಫ್ರೆಡ್ ರಸೆಲ್ ವಾಲೇಸ್ ಮಲಯ ದ್ವೀಪಗಳಲ್ಲಿ ಜ್ವರದಲ್ಲಿ ನರಳುತ್ತ ಸಂಗ್ರಹಿಸಿ ತಂದವು. ಎಲ್ಲಿ, ಯಾವ ದಿನ, ಯಾರು ಹಿಡಿದದ್ದೆಂದು ಪ್ರತಿಯೊಂದರ ಕಾಲಿಗೂ ಒಂದು ಚೀಟಿ ಕಟ್ಟಿತ್ತು. ಆ ಚೀಟಿಯಿಲ್ಲದಿದ್ದರೆ ವಿಜ್ಞಾನಿಗೆ ಚರ್ಮದಿಂದ ಆಗುವ ಉಪಯೋಗ ಬಹಳ ಕಡಮೆ. ಗರಿಗಳನ್ನು ಕಿತ್ತು, ಬಿಡಿಬಿಡಿಯಾಗಿ ನೊಣ ಕಟ್ಟುವವರಿಗೆ ಮಾರಿದ. ಒಂದು ವರ್ಷಕ್ಕೂ ಹೆಚ್ಚು ಕಾಲ ಕಳೆದ ಮೇಲೆ ಸಿಕ್ಕಿಬಿದ್ದ. 2011ರಲ್ಲಿ ಶಿಕ್ಷೆಯಾಯಿತು, ಆದರೆ ಸೆರೆಮನೆಗೆ ಹೋಗಬೇಕಾಗಲಿಲ್ಲ. ಹಿಡಿಯಾಗಿ ಮರಳಿ ಸಿಕ್ಕಿದ ಚರ್ಮಗಳು 174. ಕಾಲಿನ ಚೀಟಿ ಉಳಿದಿದ್ದವು 102.